ಬ್ಲೆನಿಮ್ ಅರಮನೆ: ಯುದ್ಧದ ಉಡುಗೊರೆ, ಯುದ್ಧಕಾಲದ ಕಚೇರಿ

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ವುಡ್‌ಸ್ಟಾಕ್ ಊರಿನಲ್ಲಿರುವ ಬ್ಲೆನಿಮ್ ಅರಮನೆಯನ್ನು ಮುಂದಿನ ತಿಂಗಳು ಕುಟುಂಬಸಮೇತ ನೋಡಲು ಹೋಗುತ್ತಿದ್ದೇವೆ. ಹೋಗುವ ಮೊದಲು ಅದರ ಚರಿತ್ರೆಯನ್ನು ತಕ್ಕಮಟ್ಟಿಗಾದರೂ ತಿಳಿದಿರಬೇಕೆಂದು ಓದಲು ಕುಳಿತರೆ, ಪ್ರವಾಸಿಗರಿಗಾಗಿ ಬರೆದ ಬಹುಪಾಲು ಬರಹಗಳು ಎರಡೇ ವಿಷಯಗಳನ್ನು ಹೇಳುತ್ತವೆ: ಅದು ಮೊದಲನೆಯ ಮಾರ್ಲ್‌ಬರೋ ಡ್ಯೂಕನಿಗೆ ಸಿಕ್ಕ ಉಡುಗೊರೆ ಎಂಬುದು ಒಂದು, 1874ರ ನವೆಂಬರ್ 30ರಂದು ವಿನ್‌ಸ್ಟನ್ ಚರ್ಚಿಲ್ ಹುಟ್ಟಿದ್ದು ಅಲ್ಲಿಯೇ ಎಂಬುದು ಇನ್ನೊಂದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮೊದಲು ಶಾಲೆಯೂ ಆಮೇಲೆ ಸರ್ಕಾರಿ ಕಚೇರಿಯೂ ಇದ್ದವೆಂಬುದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಮೈಸೂರಿನ ಅರಮನೆಯನ್ನು ನೋಡಿ ಬೆಳೆದ ನಮಗೆ ಅರಮನೆ ಎಂದರೆ ರಾಜರ ಮನೆ. ಇಲ್ಲಿ ರಾಜನಲ್ಲದ, ಬಿಷಪ್ಪನೂ ಅಲ್ಲದ ಒಬ್ಬ ಪ್ರಜೆಯ ಮನೆಗೆ ಅರಮನೆಯೆಂಬ ಹೆಸರು ನಿಂತಿದೆ. ಎಂಥ ಗೆಲುವಿಗಾಗಿ ಇಷ್ಟು ದೊಡ್ಡ ಮನೆಯನ್ನು ಕೊಟ್ಟರು, ಹಣವನ್ನು ಯಾರು ತೆತ್ತರು? 1939ರಿಂದ 1945ರವರೆಗೆ ಅಲ್ಲಿ ನಿಜವಾಗಿ ಏನು ನಡೆಯಿತು? ಆ ಕಾಲದ ಕುರುಹು ಈಗಲೂ ನೋಡಸಿಗುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ ನಕ್ಷೆ

ನಿಮ್ಮ ಮೊದಲನೆಯ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ. ಸ್ಪೇನಿನ ದೊರೆ ಎರಡನೆಯ ಚಾರ್ಲ್ಸ್ ಮಕ್ಕಳಿಲ್ಲದೆ 1700ರಲ್ಲಿ ತೀರಿಕೊಂಡ ಮೇಲೆ, ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ತನ್ನ ಮೊಮ್ಮಗನನ್ನು ಆ ಸಿಂಹಾಸನದ ಮೇಲೆ ಕೂರಿಸಿದ್ದರಿಂದ ಯುರೋಪಿನ ಬಹುಭಾಗ ಯುದ್ಧಕ್ಕಿಳಿಯಿತು. 1704ರ ಹೊತ್ತಿಗೆ ಫ್ರೆಂಚರೂ ಅವರ ಜೊತೆಗಾರರಾದ ಬವೇರಿಯಾದವರೂ ಸೇರಿ ಇಂಗ್ಲೆಂಡಿನ ಮಿತ್ರನಾಗಿದ್ದ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾವನ್ನೇ ಹಿಡಿದಾರೆಂಬ ಭಯ ಹುಟ್ಟಿತ್ತು. ಆಗ ಇಂಗ್ಲೆಂಡಿನ ಸೇನಾಪತಿ ಜಾನ್ ಚರ್ಚಿಲ್, ಅಂದರೆ ಮೊದಲನೆಯ ಮಾರ್ಲ್‌ಬರೋ ಡ್ಯೂಕ್, ನೆದರ್ಲೆಂಡ್ಸ್ ಕಡೆಯಿಂದ ಸುಮಾರು 250 ಮೈಲಿ ಸೈನ್ಯವನ್ನು ನಡೆಸಿಕೊಂಡು ಡ್ಯಾನ್ಯೂಬ್ ನದಿಯ ದಂಡೆಗೆ ಬಂದ. ಅಲ್ಲಿ ಆಸ್ಟ್ರಿಯಾದ ಸೇನಾಪತಿಯಾಗಿದ್ದ ಸವಾಯ್‌ನ ರಾಜಕುಮಾರ ಯೂಜೀನನ ಪಡೆಯನ್ನು ಕೂಡಿಕೊಂಡು, ಆಗಸ್ಟ್ 13ರಂದು ಬ್ಲಿಂಡ್‌ಹೈಮ್ ಎಂಬ ಹಳ್ಳಿಯ ಬಳಿ ಶತ್ರುಸೈನ್ಯವನ್ನು ಮುರಿದ. ಫ್ರೆಂಚ್ ದಂಡನಾಯಕ ತಲ್ಲಾರ್ ಸೆರೆಸಿಕ್ಕ. ಆ ಹಳ್ಳಿಯ ಹೆಸರೇ ಇಂಗ್ಲಿಷರ ಬಾಯಲ್ಲಿ ಬ್ಲೆನಿಮ್ ಆಗಿ ಅರಮನೆಗೆ ಬಂತು.

ಗೆಲುವಿನ ಸುದ್ದಿಯನ್ನು ಮಾರ್ಲ್‌ಬರೋ ತನ್ನ ಹೆಂಡತಿ ಸಾರಾಗೆ ಬರೆದದ್ದು ಒಂದು ಹೆಂಡದಂಗಡಿಯ ಲೆಕ್ಕದ ಚೀಟಿಯ ಹಿಂಬದಿಯಲ್ಲಿ, ಪೆನ್ಸಿಲಿನಿಂದ. ರಾಣಿಗೆ ವಿಷಯ ಮುಟ್ಟಿಸೆಂದು ಹೆಂಡತಿಯನ್ನು ಕೇಳಿಕೊಂಡಿದ್ದ. ಸಾರಾ ರಾಣಿ ಆ್ಯನಳ ಆಪ್ತ ಗೆಳತಿಯಾಗಿದ್ದಳು. ಆದರೆ ಈ ಗೆಲುವಿಗೆ ಇನ್ನೊಂದು ಮುಖವಿದೆಯೆಂಬುದನ್ನು ಅರಮನೆ ನೋಡುವವರು ಮರೆಯಬಾರದು. ಎರಡೂ ಕಡೆ ಸೇರಿ ಸತ್ತವರೂ ಗಾಯಗೊಂಡವರೂ 30 ಸಾವಿರಕ್ಕೂ ಹೆಚ್ಚು. ಅದಕ್ಕೂ ಹಿಂದಿನ ವಾರಗಳಲ್ಲಿ, ಬವೇರಿಯಾದ ದೊರೆಯನ್ನು ಮಣಿಸುವುದಕ್ಕೆಂದು ಮಾರ್ಲ್‌ಬರೋನ ಅಪ್ಪಣೆಯಂತೆ ಅಲ್ಲಿನ ಹಳ್ಳಿಗಳಿಗೆ ಸಾಲಾಗಿ ಬೆಂಕಿ ಹಚ್ಚಲಾಗಿತ್ತು. ಅರಮನೆಯ ಗೋಡೆಗಳ ಮೇಲೆ ಚಿತ್ರಿತವಾಗಿರುವುದು ಕಾಳಗವೇ ಹೊರತು ಆ ರೈತರ ಸುಟ್ಟ ಮನೆಗಳ ಬದುಕಲ್ಲ.

ಹಣದ ಕಥೆ ಬಹಳ ಸಿಕ್ಕಾಗಿದೆ. ರಾಣಿ ವುಡ್‌ಸ್ಟಾಕಿನ ಅರಸುಮನೆತನದ ಜಹಗೀರನ್ನು ಕೊಟ್ಟಳು. 1705ರಲ್ಲಿ ಪಾರ್ಲಿಮೆಂಟು ಅದಕ್ಕೆ ಒಪ್ಪಿಗೆ ನೀಡಿತು, ಅದೇ ಜೂನ್‌ನಲ್ಲಿ ಅಡಿಗಲ್ಲು ಬಿತ್ತು. ಮನೆ ಕಟ್ಟುವ ಖರ್ಚು ರಾಣಿಯದೆಂದು ಎಲ್ಲರೂ ತಿಳಿದಿದ್ದರು, ಆದರೆ ಎಷ್ಟು ಹಣ, ಯಾವ ಖಾತೆಯಿಂದ ಎಂಬುದಕ್ಕೆ ಗಟ್ಟಿಯಾದ ಕರಾರುಪತ್ರವಿರಲಿಲ್ಲ. ಸಾರಾಗೂ ರಾಣಿಗೂ ಮನಸ್ತಾಪ ಬೆಳೆದು, 1711ರ ಕೊನೆಯಲ್ಲಿ ಮಾರ್ಲ್‌ಬರೋ ಹುದ್ದೆಯನ್ನೂ ಕಳೆದುಕೊಂಡ ಮೇಲೆ, 1712ರಲ್ಲಿ ಖಜಾನೆ ಕೈಮುಚ್ಚಿತು. ಕೆಲಸ ಅರ್ಧಕ್ಕೆ ನಿಂತಿತು. ಕಲ್ಲುಕುಟಿಗರಿಗೂ ಕೂಲಿಗಳಿಗೂ ಸಾವಿರಾರು ಪೌಂಡ್ ಬಾಕಿ ಉಳಿಯಿತು. ರಾಣಿ 1714ರಲ್ಲಿ ತೀರಿಕೊಂಡ ಬಳಿಕ ಡ್ಯೂಕ್ ತನ್ನ ಸ್ವಂತ ಹಣದಿಂದ 1716ರಲ್ಲಿ ಕೆಲಸವನ್ನು ಮತ್ತೆ ಆರಂಭಿಸಿದನಾದರೂ ಹಳೆಯ ಬಾಕಿ ತನ್ನದಲ್ಲವೆಂದು ವಾದಿಸಿದ. ಕಲ್ಲುಕೆಲಸದ ಮೇಸ್ತ್ರಿಗಳು ಅವನ ಮೇಲೆಯೇ ದಾವೆ ಹೂಡಿ ಗೆದ್ದರು. ಯುರೋಪನ್ನೇ ನಡುಗಿಸಿದ ಸೇನಾಪತಿಯನ್ನು ನ್ಯಾಯಾಲಯಕ್ಕೆಳೆದು ತಮ್ಮ ಕೂಲಿಯನ್ನು ದಕ್ಕಿಸಿಕೊಂಡ ಆ ಮೇಸ್ತ್ರಿಗಳ ವಿಷಯ ನನಗೆ ಕಾಳಗದ ವರ್ಣನೆಗಿಂತ ಹೆಚ್ಚು ಹಿಡಿಸುತ್ತದೆ.

ವಾಸ್ತುಶಿಲ್ಪಿ ಜಾನ್ ವ್ಯಾನ್‌ಬ್ರೂ ಮೂಲತಃ ನಾಟಕಕಾರ; ನಿಕೋಲಸ್ ಹಾಕ್ಸ್‌ಮೂರ್ ಅವನಿಗೆ ನೆರವಾದ. ಸಾರಾಗೆ ಬೇಕಿದ್ದವನು ಆ ಕಾಲದ ಹೆಸರಾಂತ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್. ವ್ಯಾನ್‌ಬ್ರೂನ ವೈಭವ ಅವಳಿಗೆ ದುಂದುಗಾರಿಕೆಯಾಗಿ ಕಂಡಿತು. ಜಗಳ ಬೆಳೆದು 1716ರಲ್ಲಿ ಅವನು ಕೆಲಸ ಬಿಟ್ಟ. 1725ರಲ್ಲಿ, ಮುಗಿದ ಕಟ್ಟಡವನ್ನು ನೋಡಬೇಕೆಂದು ಬಂದವನನ್ನು ಆವರಣದೊಳಕ್ಕೂ ಬಿಡಲಿಲ್ಲ. ಡ್ಯೂಕ್ 1722ರಲ್ಲೇ ತೀರಿಕೊಂಡಿದ್ದ.

ಉತ್ತರ: ಕಡತಗಳ ನಡುವೆ

ಎರಡನೆಯ ಪ್ರಶ್ನೆ ನನ್ನ ಆಸಕ್ತಿಯ ವಿಷಯವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಮೊದಲನೆಯ ಮಹಾಯುದ್ಧದಲ್ಲಿಯೇ ಅರಮನೆಯ ಲಾಂಗ್ ಲೈಬ್ರರಿ ಗಾಯಾಳು ಸೈನಿಕರ ಆಸ್ಪತ್ರೆಯಾಗಿತ್ತು. ಹೀಗಾಗಿ 1939ರಲ್ಲಿ ಯುದ್ಧ ಆರಂಭವಾದಾಗ ಇಂಥ ಬಳಕೆ ಈ ಮನೆಗೆ ಹೊಸದಾಗಿರಲಿಲ್ಲ.

ಆ ವರ್ಷದ ಶರತ್ಕಾಲದಲ್ಲಿ ಮೊದಲು ಬಂದವರು ಮಾಲ್ವರ್ನ್ ಕಾಲೇಜಿನ ವಿದ್ಯಾರ್ಥಿಗಳು. ಲಂಡನ್ನಿನ ಮೇಲೆ ಬಾಂಬು ಬಿದ್ದು ಸರ್ಕಾರ ಊರು ಬಿಡಬೇಕಾಗಿ ಬಂದರೆ ನೌಕಾಪಡೆಯ ಆಡಳಿತಕ್ಕೆ ಒಂದು ಜಾಗ ಬೇಕೆಂದು ವೂಸ್ಟರ್‌ಶೈರಿನ ಆ ಶಾಲೆಯ ಕಟ್ಟಡಗಳನ್ನು ಸರ್ಕಾರ ವಶಪಡಿಸಿಕೊಂಡಿತ್ತು. ಸುಮಾರು 400 ಹುಡುಗರಿಗೆ ಹತ್ತನೆಯ ಡ್ಯೂಕ್ ಅರಮನೆಯಲ್ಲಿ ಆಸರೆ ಕೊಟ್ಟ. 180 ಅಡಿ ಉದ್ದದ ಲಾಂಗ್ ಲೈಬ್ರರಿಯಲ್ಲಿ ಮಂಚಗಳನ್ನು ಸಾಲಾಗಿ ಹಾಕಲಾಯಿತು, ಗ್ರೇಟ್ ಹಾಲ್ ಊಟದ ಮನೆಯಾಯಿತು. ನೆಲ ಸವೆಯದಂತೆ ಲಿನೋಲಿಯಂ ಹಾಸಿದರು. ತಲೆಯ ಮೇಲಿನ ಚಾವಣಿಯಲ್ಲಿ ಜೇಮ್ಸ್ ಥಾರ್ನ್‌ಹಿಲ್ ಚಿತ್ರಿಸಿದ ಮಾರ್ಲ್‌ಬರೋ ಬ್ರಿಟಾನಿಯಾ ದೇವಿಯ ಮುಂದೆ ಮಂಡಿಯೂರಿ ಕಾಳಗದ ನಕ್ಷೆಯನ್ನು ಒಪ್ಪಿಸುತ್ತಿದ್ದರೆ, ಕೆಳಗೆ ಹುಡುಗರು ಬೆಂಚುಗಳ ಮೇಲೆ ಕೂತು ಊಟ ಮಾಡುತ್ತಿದ್ದರು. ಆ ವರ್ಷದ ಚಳಿಗಾಲ ಬ್ರಿಟನ್ನಿನಲ್ಲಿ ದಶಕಗಳಿಂದ ಕಂಡಿರದಷ್ಟು ಕಡುವಾಗಿತ್ತು. ಅಷ್ಟೆತ್ತರದ ಕೋಣೆಗಳಲ್ಲಿ ಆ ಮಕ್ಕಳು ಹೇಗೆ ಕಾಲ ಕಳೆದರೋ ಊಹಿಸಿಕೊಳ್ಳಿ. ನೌಕಾಪಡೆಗೆ ಕೊನೆಗೂ ಆ ಶಾಲೆಯ ಕಟ್ಟಡ ಬೇಕಾಗಲಿಲ್ಲ. ಹುಡುಗರು 1940ರಲ್ಲಿ ತಮ್ಮ ಊರಿಗೆ ಮರಳಿದರು; ಆದರೆ 1942ರಲ್ಲಿ ರೇಡಾರ್ ಸಂಶೋಧನಾ ಸಂಸ್ಥೆಗೆ ಜಾಗ ಬಿಟ್ಟುಕೊಟ್ಟು ಹ್ಯಾರೋ ಶಾಲೆಗೆ ಇನ್ನೊಮ್ಮೆ ಗುಳೆ ಹೋಗಬೇಕಾಯಿತು.

1940ರ ಅಕ್ಟೋಬರಿನಲ್ಲಿ ಬಂದದ್ದು ಎಂಐ5, ಅಂದರೆ ಬ್ರಿಟನ್ನಿನ ಆಂತರಿಕ ಭದ್ರತೆಯ ಗುಪ್ತಚರ ಇಲಾಖೆ. ಯುದ್ಧದ ಆರಂಭದಲ್ಲಿ ಅದು ಲಂಡನ್ನಿನ ವರ್ಮ್‌ವುಡ್ ಸ್ಕ್ರಬ್ಸ್ ಸೆರೆಮನೆಯಲ್ಲಿ ಬೀಡುಬಿಟ್ಟಿತ್ತು. ಸೆಪ್ಟೆಂಬರಿನ ವೈಮಾನಿಕ ದಾಳಿಯಲ್ಲಿ ಅಲ್ಲಿ ಬೆಂಕಿ ಬಿದ್ದು, ಇಲಾಖೆಯ ಕಾರ್ಡು ಸೂಚಿಗೂ ಕಡತಗಳಿಗೂ ಹಾನಿಯಾಯಿತು. ಈ ಹಾನಿ ಎಂಥದೆಂದು ತಿಳಿಯಬೇಕಾದರೆ ಕಂಪ್ಯೂಟರ್ ಇಲ್ಲದ ಆ ಕಾಲದ ಕೆಲಸದ ಕ್ರಮವನ್ನು ತಿಳಿಯಬೇಕು. ಅನುಮಾನಕ್ಕೆ ಬಂದ, ಅಥವಾ ಸೂಕ್ಷ್ಮವಾದ ಹುದ್ದೆಗೆ ಸೇರಬೇಕಾಗಿದ್ದ ವ್ಯಕ್ತಿಯ ಹೆಸರಿಗೆ ಒಂದು ಕಾರ್ಡು. ಆ ಕಾರ್ಡಿನಲ್ಲಿ ಅವನ ಕುರಿತ ಕಡತದ ಸಂಖ್ಯೆ. ತಪಾಸಣೆಗೆ ಒಡೆದ ಕಾಗದವೊಂದರಲ್ಲಿ ಒಂದು ಹೆಸರು ಕಂಡರೆ, ಅದು ಚೀಟಿಯಾಗಿ ದಾಖಲೆ ವಿಭಾಗಕ್ಕೆ ಬರುತ್ತದೆ. ಅಲ್ಲಿಯ ಗುಮಾಸ್ತೆ ಡ್ರಾಯರನ್ನು ಎಳೆದು, ಕಾಗುಣಿತ ಬೇರೆಯಾಗಿರಬಹುದಾದ ಹೆಸರುಗಳನ್ನೂ ಹುಡುಕಿ, ಕಾರ್ಡು ಸಿಕ್ಕರೆ ಕಡತವನ್ನು ತೆಗೆಸಿ, ಅದು ಯಾರ ಕೈಗೆ ಹೋಯಿತೆಂದು ಬರೆದಿಟ್ಟು ಅಧಿಕಾರಿಗೆ ಕಳುಹಿಸುತ್ತಾಳೆ. ಕಾರ್ಡು ಸುಟ್ಟರೆ ಕಡತವಿದ್ದೂ ಇಲ್ಲದಂತೆ. ಅದೃಷ್ಟಕ್ಕೆ ಕಾರ್ಡುಗಳ ಛಾಯಾಪ್ರತಿಗಳನ್ನು ಮೊದಲೇ ತೆಗೆಯಲಾಗಿತ್ತು. ಅವುಗಳಿಂದ ಸೂಚಿಯನ್ನು ಮತ್ತೆ ಕಟ್ಟಿದರು.

ಹೀಗೆ ದಾಖಲೆ ವಿಭಾಗವೂ ಇಲಾಖೆಯ ಇನ್ನೂ ಹಲವು ಶಾಖೆಗಳೂ ಬ್ಲೆನಿಮ್‌ಗೆ ಬಂದವು. ಒಳಗಿನ ಕೋಣೆಗಳು ಸಾಲದೆ ಮುಂದಿನ ದೊಡ್ಡ ಅಂಗಳದಲ್ಲಿ ತಾತ್ಕಾಲಿಕ ಶೆಡ್ಡುಗಳನ್ನು ಎಬ್ಬಿಸಲಾಯಿತು. ನೌಕರರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನ ಹೆಣ್ಣುಮಕ್ಕಳು. ಅವರಲ್ಲಿ ಅನೇಕರಿಗೆ ಆಕ್ಸ್‌ಫರ್ಡಿನ ಕೀಬಲ್ ಕಾಲೇಜಿನಲ್ಲಿ ವಸತಿ. ದಿನವೂ ಬಸ್ಸಿನಲ್ಲಿ ಅರಮನೆಗೆ ಬಂದುಹೋಗುತ್ತಿದ್ದರು. ಬೇಹುಗಾರರನ್ನು ವಿಚಾರಿಸುವ ಮುಖ್ಯ ಅಧಿಕಾರಿಗಳು ಉಳಿದದ್ದು ಲಂಡನ್ನಿನ ಸೇಂಟ್ ಜೇಮ್ಸಸ್ ಸ್ಟ್ರೀಟ್‌ನಲ್ಲಿ. ಹಾಗಾಗಿ ನಿರ್ಧಾರಗಳು ಒಂದೂರಿನಲ್ಲಿ, ಕಡತಗಳು ಸುಮಾರು 60 ಮೈಲಿ ದೂರದ ಇನ್ನೊಂದೂರಿನಲ್ಲಿ. ಜರ್ಮನಿ ಕಳುಹಿಸಿದ ಬೇಹುಗಾರರನ್ನು ಹಿಡಿದು ಅವರಲ್ಲಿ ಕೆಲವರನ್ನು ಬ್ರಿಟನ್ನಿನ ಪರವಾಗಿಯೇ ತಿರುಗಿಸಿ, ಅವರ ಮೂಲಕ 1944ರ ನಾರ್ಮಂಡಿ ದಾಳಿಯ ಜಾಗದ ಬಗ್ಗೆ ಹಿಟ್ಲರನ ಸೇನೆಯನ್ನು ದಿಕ್ಕುತಪ್ಪಿಸಿದ್ದು ಇಂದು ಪ್ರಸಿದ್ಧ. ಪುಸ್ತಕಗಳಲ್ಲಿ ಹೆಸರು ಬರುವುದು ಆ ಬೇಹುಗಾರರದ್ದು ಮತ್ತು ಅಧಿಕಾರಿಗಳದ್ದು. ಅದಕ್ಕೆ ಬೇಕಾದ ಹೆಸರುಗಳನ್ನು ತಪ್ಪಿಲ್ಲದೆ ಹುಡುಕಿಕೊಟ್ಟ ಗುಮಾಸ್ತೆಯರ ಶ್ರಮ ಅದೇ ಗೌರವಕ್ಕೆ ಅರ್ಹವೆಂದು ನಾನು ದೃಢವಾಗಿ ನಂಬಿದ್ದೇನೆ.

ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ವಿಷಯವನ್ನೂ ಸೇರಿಸುತ್ತೇನೆ. 1941ರಿಂದ ಎಂಐ5ರ ಮುಖ್ಯಸ್ಥನಾಗಿದ್ದ ಸರ್ ಡೇವಿಡ್ ಪೆಟ್ರಿ ಭಾರತೀಯ ಪೊಲೀಸ್ ಸೇವೆಯಿಂದ ಬಂದವನು. 1914ರಲ್ಲಿ, ಕೆನಡಾದಿಂದ ಹಿಂದಕ್ಕಟ್ಟಿದ ಭಾರತೀಯರನ್ನು ಹೊತ್ತು ಬಂದ ಕೊಮಾಗಾಟ ಮಾರು ಹಡಗಿನ ಪ್ರಯಾಣಿಕರ ಮೇಲೆ ಕಲ್ಕತ್ತಾ ಬಳಿಯ ಬಜ್‌ಬಜ್‌ನಲ್ಲಿ ಗುಂಡು ಹಾರಿಸಿದ ಘರ್ಷಣೆಯಲ್ಲಿ ಅವನೂ ಗಾಯಗೊಂಡಿದ್ದ. 1924ರಿಂದ 1931ರವರೆಗೆ ದೆಹಲಿಯ ಗುಪ್ತಚರ ದಳದ ನಿರ್ದೇಶಕನಾಗಿ ನಮ್ಮ ಸ್ವಾತಂತ್ರ್ಯ ಹೋರಾಟಗಾರರ ಮೇಲೆ ಕಣ್ಣಿಟ್ಟವನೂ ಅವನೇ. ವಸಾಹತಿನಲ್ಲಿ ಕಲಿತ ಕಾವಲಿನ ವಿದ್ಯೆ ತಾಯ್ನಾಡಿನ ಯುದ್ಧಕ್ಕೆ ಹೇಗೆ ಒದಗಿಬಂತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಾಗಿಲ್ಲ.

ತುಂಗಾತೀರ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಕಾರ್ಡುಗಳ ವಿವರವನ್ನು ಓದಿದ ಮೇಲೆ, ಆ ಅಂಗಳವನ್ನು ಬೇರೆಯೇ ದೃಷ್ಟಿಯಿಂದ ನೋಡುವೆನೆನ್ನಿಸುತ್ತಿದೆ. ಇನ್ನೊಂದು ಸಂದೇಹವಿದೆ. ನಾನೂರು ಹುಡುಗರು, ಆಮೇಲೆ ನೂರಾರು ನೌಕರರು, ಅಂಗಳದ ತುಂಬ ಶೆಡ್ಡುಗಳು, ಇಷ್ಟೆಲ್ಲ ಆದರೂ ಕಟ್ಟಡ ಹೇಗೆ ಉಳಿಯಿತು? ಡ್ಯೂಕ್ ಇದಕ್ಕೆ ಮನಸ್ಸಿನಿಂದ ಒಪ್ಪಿದ್ದನೇ ಅಥವಾ ಬೇರೆ ದಾರಿಯಿರಲಿಲ್ಲವೇ?

ಉತ್ತರ: ಕಲ್ಲು ಗಾರೆ

ನಾನು ಹಳೆಯ ಕಟ್ಟಡಗಳ ಸಂರಕ್ಷಣೆಯ ಕೆಲಸದಲ್ಲಿರುವವನು; ನಿಮ್ಮ ಸಂದೇಹಕ್ಕೆ ನನ್ನ ತಿಳಿವಳಿಕೆಯ ಮಟ್ಟಿಗೆ ಉತ್ತರಿಸುತ್ತೇನೆ. 1939ರ ತುರ್ತು ಅಧಿಕಾರಗಳ ಕಾಯಿದೆಯಡಿ ಬ್ರಿಟಿಷ್ ಸರ್ಕಾರ ಯಾವ ಮನೆಯನ್ನಾದರೂ ಯುದ್ಧದ ಕೆಲಸಕ್ಕೆ ವಶಪಡಿಸಿಕೊಳ್ಳಬಹುದಾಗಿತ್ತು. ದೊಡ್ಡ ಮನೆಗಳ ಒಡೆಯರಿಗೆ ಇದ್ದ ಆಯ್ಕೆ ಯಾರು ಬಂದು ಕೂರಬೇಕೆಂಬುದಷ್ಟೇ. ಸೈನಿಕರ ತುಕಡಿ ಬಂದು ಮನೆಯನ್ನು ಹಾಳುಗೆಡಹುವುದಕ್ಕಿಂತ ಶಾಲೆಯೇ ಮೇಲೆಂದು ಹಲವರು ತಾವಾಗಿಯೇ ಶಾಲೆಗಳನ್ನು ಬರಮಾಡಿಕೊಂಡರು. ಡೆವನ್‌ಶೈರ್ ಡ್ಯೂಕನ ಚ್ಯಾಟ್ಸ್‌ವರ್ತ್ ಮನೆಗೆ ಪೆನ್ರೋಸ್ ಕಾಲೇಜಿನ ಹುಡುಗಿಯರು ಬಂದದ್ದು ಇದೇ ಲೆಕ್ಕಾಚಾರದಿಂದ.

ಬ್ಲೆನಿಮ್ ಎಷ್ಟು ಅಪಾಯದ ಅಂಚಿನಲ್ಲಿತ್ತೆಂದು ತಿಳಿಯಲು, ಇದೇ ವ್ಯಾನ್‌ಬ್ರೂ ಕಟ್ಟಿದ ಯಾರ್ಕ್‌ಶೈರಿನ ಕ್ಯಾಸಲ್ ಹವರ್ಡನ್ನು ನೋಡಬೇಕು. ಅಲ್ಲಿಗೆ ಕ್ವೀನ್ ಮಾರ್ಗರೆಟ್ಸ್ ಎಂಬ ಹೆಣ್ಣುಮಕ್ಕಳ ಶಾಲೆ ಬಂದಿತ್ತು. 1940ರ ನವೆಂಬರಿನಲ್ಲಿ ಬೆಂಕಿ ಬಿದ್ದು ಮಧ್ಯದ ಗುಮ್ಮಟ ಕುಸಿಯಿತು, ಸುಮಾರು ಇಪ್ಪತ್ತು ಕೋಣೆಗಳು ಸುಟ್ಟುಹೋದವು. ಬಾಂಬಿನಿಂದಲ್ಲ, ಮನೆಯೊಳಗೇ ಹುಟ್ಟಿದ ಬೆಂಕಿಯಿಂದ. ಗುಮ್ಮಟವನ್ನು ಮತ್ತೆ ಕಟ್ಟಿದ್ದು 1960ರ ದಶಕದ ಆರಂಭದಲ್ಲಿ. ಒಂದು ಮನೆತನಕ್ಕೆಂದು ಕಟ್ಟಿದ ಹೊಗೆಗೂಡುಗಳು ಮತ್ತು ನೀರಿನ ಕೊಳವೆಗಳ ಮೇಲೆ ನೂರಾರು ಜನರ ಅಡುಗೆ, ಸ್ನಾನ ಹಾಗೂ ಶಾಖದ ಹೊರೆಯನ್ನು ಹೇರಿದಾಗ ಆಗಬಹುದಾದದ್ದು ಇದೇ. ನಮ್ಮಲ್ಲಿಯೂ ಹಳೆಯ ವಾಡೆಗಳನ್ನು ಕಚೇರಿಯನ್ನಾಗಿಯೋ ಹಾಸ್ಟೆಲನ್ನಾಗಿಯೋ ಮಾಡುವಾಗ ಮೊದಲು ನೋಡಬೇಕಾದದ್ದು ಕಲ್ಲಿನ ಗಟ್ಟಿತನವಲ್ಲ. ವೈರಿಂಗ್, ಒಲೆ ಮತ್ತು ನೀರು. ಬ್ಲೆನಿಮ್‌ನಲ್ಲಿ ಹೆಚ್ಚಿನ ಹೊರೆಯನ್ನು ಅಂಗಳದ ಶೆಡ್ಡುಗಳು ಹೊತ್ತಿದ್ದು ಮತ್ತು ಒಳಗೆ ಎಚ್ಚರದಿಂದ ನೆಲಗೋಡೆಗಳನ್ನು ಮುಚ್ಚಿದ್ದು ಆ ಕಟ್ಟಡವನ್ನು ಕಾಪಾಡಿತೆಂಬುದು ನನ್ನ ಅಭಿಪ್ರಾಯ.

ಇನ್ನು ಮನೆತನದ ಕೈಯಲ್ಲಿ ಹಣವೂ ಯಥೇಚ್ಛವಾಗಿರಲಿಲ್ಲ. 1880ರ ದಶಕದಲ್ಲಿಯೇ ಅವರು ಸಂಡರ್‌ಲೆಂಡ್ ಗ್ರಂಥಸಂಗ್ರಹವನ್ನು ಹರಾಜು ಹಾಕಿದ್ದರು. ರಾಫೆಲ್ ಚಿತ್ರಿಸಿದ ಅನ್ಸಿಡೇ ಮಡೋನ್ನಾವನ್ನು 1885ರಲ್ಲಿ 70 ಸಾವಿರ ಪೌಂಡಿಗೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಮಾರಿದ್ದರು. 1895ರಲ್ಲಿ ಒಂಬತ್ತನೆಯ ಡ್ಯೂಕ್ ಅಮೆರಿಕದ ರೈಲ್ವೆ ಕುಬೇರರ ಮಗಳು ಕಾನ್ಸ್ಯುಯೆಲೋ ವ್ಯಾಂಡರ್‌ಬಿಲ್ಟಳನ್ನು ಮದುವೆಯಾದಾಗ ಬಂದ ಹಣದಿಂದ ಮನೆ ಸುಧಾರಿಸಿತು. ಆ ಮದುವೆ ಹುಡುಗಿಯ ಮನಸ್ಸಿಗೆ ವಿರುದ್ಧವಾಗಿ, ತಾಯಿಯ ಒತ್ತಾಯದಿಂದ ನಡೆದದ್ದು. ಚಾವಣಿಯ ದುರಸ್ತಿಗೆ ಒಬ್ಬ ಹೆಣ್ಣುಮಗಳ ಬಾಳನ್ನು ತೆತ್ತ ಈ ಲೆಕ್ಕವನ್ನು ಚರಿತ್ರೆಯ ಅಡಿಟಿಪ್ಪಣಿಗೆ ತಳ್ಳುವುದು ಸರಿಯಲ್ಲ.

ಉತ್ತರ: ದಂಡಿನ ಬೀದಿ

ಬೆಂಗಳೂರಿನವರಾದ ನಾವು ಈ ಅರಮನೆಗೆ ಎಷ್ಟು ಹತ್ತಿರವಿದ್ದೆವೆಂಬುದನ್ನು ಇಲ್ಲಿ ಯಾರೂ ಬರೆದಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ವಿನ್‌ಸ್ಟನ್ ಚರ್ಚಿಲ್ ನಾಲ್ಕನೆಯ ಹುಸಾರ್ಸ್ ಅಶ್ವದಳದ ಕಿರಿಯ ಅಧಿಕಾರಿಯಾಗಿ 1896ರ ಅಕ್ಟೋಬರಿನಲ್ಲಿ ಬೆಂಗಳೂರು ದಂಡಿಗೆ ಬಂದಾಗ, ಬ್ಲೆನಿಮ್ ಅರಮನೆಯ ಮುಂದಿನ ವಾರಸುದಾರ ಅವನೇ ಆಗಿದ್ದ. ಒಂಬತ್ತನೆಯ ಡ್ಯೂಕನಿಗೆ ಇನ್ನೂ ಮಕ್ಕಳಿರಲಿಲ್ಲ, ಡ್ಯೂಕನ ಚಿಕ್ಕಪ್ಪನಾಗಿದ್ದ ಚರ್ಚಿಲನ ತಂದೆ 1895ರಲ್ಲಿ ತೀರಿಕೊಂಡಿದ್ದ. ಕಾನ್ಸ್ಯುಯೆಲೋ 1897ರ ಸೆಪ್ಟೆಂಬರಿನಲ್ಲಿ ಗಂಡುಮಗುವನ್ನು ಹೆತ್ತ ಮೇಲೆ ಆ ಹಕ್ಕು ತಪ್ಪಿತು. ಮೇಲೆ ಹೇಳಿದ, ಶಾಲೆಗೂ ಎಂಐ5ಗೂ ಮನೆ ಬಿಟ್ಟುಕೊಟ್ಟ ಹತ್ತನೆಯ ಡ್ಯೂಕ್ ಆ ಮಗುವೇ.

ಬೆಂಗಳೂರು ಕ್ಲಬ್ಬಿನ ಹಳೆಯ ಪುಸ್ತಕದಲ್ಲಿ ಚರ್ಚಿಲನ ಹೆಸರಿನಲ್ಲಿ ವಸೂಲಾಗದೆ ಉಳಿದ 13 ರೂಪಾಯಿ ಬಾಕಿಯ ವಿಷಯ ಎಲ್ಲರಿಗೂ ಗೊತ್ತು. ಅರಮನೆಯ ಚರಿತ್ರೆಗೆ ಅದಕ್ಕಿಂತ ಮುಖ್ಯವಾದದ್ದು ಅವನ ಓದು. ಇಲ್ಲಿಯ ಮಧ್ಯಾಹ್ನದ ಬಿಸಿಲಿನಲ್ಲಿ, ಕವಾಯತು ಮತ್ತು ಪೋಲೋ ಆಟದ ನಡುವಿನ ಹೊತ್ತಿನಲ್ಲಿ ಅವನು ಗಿಬ್ಬನ್ ಮತ್ತು ಮೆಕಾಲೆಯ ಚರಿತ್ರೆಗಳನ್ನು ಓದಿದ. ಮೆಕಾಲೆಯಾದರೋ ಮೊದಲನೆಯ ಮಾರ್ಲ್‌ಬರೋನನ್ನು ದುರಾಸೆಯವನೆಂದೂ ದ್ರೋಹಿಯೆಂದೂ ಚಿತ್ರಿಸಿದ್ದ. ಮುಂದೆ 1933ರಿಂದ 1938ರವರೆಗೆ ನಾಲ್ಕು ಸಂಪುಟಗಳಲ್ಲಿ ಚರ್ಚಿಲ್ ಬರೆದ ಮಾರ್ಲ್‌ಬರೋನ ಜೀವನಚರಿತ್ರೆ ಬಹುಮಟ್ಟಿಗೆ ಮೆಕಾಲೆಗೆ ಕೊಟ್ಟ ಉತ್ತರ. ಒಕ್ಕೂಟದ ಸೈನ್ಯಗಳನ್ನು ಒಗ್ಗೂಡಿಸಿ, ಯುರೋಪನ್ನು ನುಂಗಹೊರಟ ಒಬ್ಬನನ್ನು ತಡೆದ ಪೂರ್ವಿಕನ ಕಥೆಯನ್ನು ಬರೆದು ಮುಗಿಸಿ ಎರಡು ವರ್ಷ ತುಂಬುವಷ್ಟರಲ್ಲಿ ಅವನೇ ಅಂಥ ಯುದ್ಧದ ಚುಕ್ಕಾಣಿ ಹಿಡಿಯಬೇಕಾಯಿತು.

ಹಾಗೆಂದು ನಾವು ಅವನನ್ನು ಬ್ಲೆನಿಮ್‌ನ ಮಾರ್ಗದರ್ಶಕರು ತೋರಿಸುವಂತೆಯೇ ನೋಡಬೇಕಾಗಿಲ್ಲ. 1943ರ ಬಂಗಾಳದ ಬರಗಾಲದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಆಹಾರಧಾನ್ಯದ ಹಡಗುಗಳಿಗಾಗಿ ಭಾರತದಿಂದ ಮತ್ತೆಮತ್ತೆ ಹೋದ ಮೊರೆಗೆ ಅವನ ಯುದ್ಧ ಸಂಪುಟ ಸಾಕಷ್ಟು ಓಗೊಡಲಿಲ್ಲ. ಅವನು ಹುಟ್ಟಿದ ಕೋಣೆಯ ಮುಂದೆ ನಿಂತಾಗ ಮಕ್ಕಳಿಗೆ ಇದನ್ನೂ ತಿಳಿಸಿ ಹೇಳಿ ಎಂದು ನನ್ನ ವಿನಂತಿ.

ಉತ್ತರ: ಹಳೆಯ ನಕ್ಷೆ

ನಿಮ್ಮ ಮೂರನೆಯ ಪ್ರಶ್ನೆ ಉಳಿದಿತ್ತು. ಮೊದಲನೆಯ ಡ್ಯೂಕನ ಯುದ್ಧದ ಕುರುಹುಗಳು ಎಲ್ಲೆಡೆ ಕಣ್ಣಿಗೆ ಬೀಳುತ್ತವೆ. ದ್ವಾರಗಳ ಮೇಲೆ ಗ್ರಿನ್ಲಿಂಗ್ ಗಿಬ್ಬನ್ಸ್ ಕೆತ್ತಿದ ಇಂಗ್ಲಿಷ್ ಸಿಂಹ ಫ್ರಾನ್ಸಿನ ಹುಂಜವನ್ನು ಸೀಳುತ್ತಿರುತ್ತದೆ. ದಕ್ಷಿಣದ ಮುಖದ ನೆತ್ತಿಯಲ್ಲಿ, 1709ರಲ್ಲಿ ಟೂರ್ನೇ ಕೋಟೆಯ ಬಾಗಿಲಿನಿಂದ ಕಿತ್ತು ತಂದ ಹದಿನಾಲ್ಕನೆಯ ಲೂಯಿಯ ಅಮೃತಶಿಲೆಯ ಬೃಹತ್ ಎದೆಮಟ್ಟದ ವಿಗ್ರಹವಿದೆ. ಒಳಗೆ ಮಾರ್ಲ್‌ಬರೋನ ಗೆಲುವುಗಳನ್ನು ನೇಯ್ದ ಬ್ರಸೆಲ್ಸಿನ ಚಿತ್ರಗಂಬಳಿಗಳನ್ನು ಸಾವಕಾಶವಾಗಿ ನೋಡಿ; ಕುದುರೆಗಳ ಕಾಲಡಿಯ ನೆಲವನ್ನೂ ಬಿಡಬೇಡಿ. ತೋಟದಲ್ಲಿ 134 ಅಡಿಯ ವಿಜಯಸ್ತಂಭವಿದೆ. ಲಾಂಗ್ ಲೈಬ್ರರಿಯಲ್ಲಿ ರಿಸ್‌ಬ್ರ್ಯಾಕ್ ಕೆತ್ತಿದ ರಾಣಿ ಆ್ಯನಳ ವಿಗ್ರಹವನ್ನು, ಅವಳೊಂದಿಗೆ ಜಗಳವಾಡಿ ದೂರವಾದ ಸಾರಾಳೇ ಮಾಡಿಸಿ ನಿಲ್ಲಿಸಿದಳೆಂಬುದನ್ನು ನೆನಪಿಟ್ಟುಕೊಂಡು ನೋಡಿ. ಜಹಗೀರಿನ ಗೇಣಿಯಾಗಿ ಕಾಳಗದ ವಾರ್ಷಿಕ ದಿನದಂದು ಫ್ರೆಂಚ್ ರಾಜಲಾಂಛನದ ಲಿಲ್ಲಿ ಹೂಗಳಿರುವ ರೇಷ್ಮೆಯ ಬಾವುಟವೊಂದನ್ನು ವಿಂಡ್ಸರಿನಲ್ಲಿ ದೊರೆಗೆ ಒಪ್ಪಿಸುವ ಕಟ್ಟಳೆಯೂ ಇದೆ.

1939ರಿಂದ 1945ರವರೆಗಿನ ಕುರುಹನ್ನು ಹುಡುಕುವುದಾದರೆ ಅಂಥದ್ದು ಬಹಳ ಕಡಿಮೆ. ಶೆಡ್ಡುಗಳು ಹೋದವು, ಲಿನೋಲಿಯಂ ಎದ್ದಿತು, ಕಡತಗಳು ಲಂಡನ್ನಿಗೆ ಮರಳಿದವು. 1950ರ ಏಪ್ರಿಲ್‌ನಲ್ಲಿ ಹತ್ತನೆಯ ಡ್ಯೂಕ್ ಪ್ರವೇಶಧನವಿಟ್ಟು ಅರಮನೆಯನ್ನು ಸಾರ್ವಜನಿಕರಿಗೆ ತೆರೆದ. 1987ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದ್ದರಿಂದ ಗ್ರೇಟ್ ಹಾಲ್‌ನಲ್ಲಿ ಚಾವಣಿಯನ್ನು ನೋಡಿ ಮುಗಿಸಿದ ಮೇಲೆ, ಮುಂಬಾಗಿಲ ಮೆಟ್ಟಿಲುಗಳ ಮೇಲೆ ಬಂದು ನಿಂತು, ಆ ಅಂಗಳದಲ್ಲಿ ಶೆಡ್ಡುಗಳು ಎಷ್ಟು ಜಾಗ ಹಿಡಿದಿರಬಹುದೆಂದು ಮಕ್ಕಳ ಜೊತೆ ನಡೆದು ಅಳೆಯಿರಿ. ಸಮಯವಿದ್ದರೆ ದಕ್ಷಿಣಕ್ಕಿರುವ ಬ್ಲಾಡನ್ ಹಳ್ಳಿಗೂ ಹೋಗಿಬನ್ನಿ. ಅಲ್ಲಿಯ ಸೇಂಟ್ ಮಾರ್ಟಿನ್ಸ್ ಚರ್ಚಿನ ಅಂಗಳದಲ್ಲಿ 1965ರಲ್ಲಿ ಚರ್ಚಿಲನನ್ನು ಸಮಾಧಿ ಮಾಡಲಾಯಿತು, ಅವನ ತಂದೆತಾಯಿಯ ಸಮಾಧಿಗಳೂ ಅಲ್ಲಿವೆ. ಅರಮನೆಗೆ ಕನಿಷ್ಠ ಒಂದು ಪೂರ್ತಿ ದಿನವನ್ನು ಇಟ್ಟುಕೊಳ್ಳಿ.